ವೆನಿಸಿನಲ್ಲಿ ಮೂರು ರಾತ್ರಿ

ಇಟಲಿ ದೇಶದ ವೆನಿಸ್ ನಗರದ ಹೆಸರನ್ನು ಕೇಳದ ವಾಚಕರು ವಿರಳ. ನೀರಿನ ಮೇಲೆ ನಿಂತ ಊರು, ಬೀದಿಗೆ ಬದಲು ಕಾಲುವೆ, ಬಂಡಿಗೆ ಬದಲು ದೋಣಿ ಎಂದು ಶಾಲೆಯ ಪಾಠದಲ್ಲಿಯೇ ಓದಿರುತ್ತೇವೆ. ಚಿತ್ರಗಳಲ್ಲಿಯಂತೂ ಅದನ್ನು ಎಷ್ಟು ಸಲ ಕಂಡಿರುತ್ತೇವೆಯೋ ಲೆಕ್ಕವಿಲ್ಲ. ಆದರೆ ಆ ಊರಿನ ಮನೆಗಳಲ್ಲಿ ಸಂಸಾರ ನಡೆಯುವುದು ಹೇಗೆ, ಕುಡಿಯುವ ನೀರು ಎಲ್ಲಿಯದು, ಅಕ್ಕಿಬೇಳೆ ಮನೆಗೆ ಬರುವ ಬಗೆ ಯಾವುದು, ವಯಸ್ಸಾದವರು ಮೆಟ್ಟಿಲು ಹತ್ತಲಾರದೆ ಹೋದರೆ ಏನು ಗತಿ ಎಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನಾವು ಗಂಡಹೆಂಡಿರು ಅಲ್ಲಿ ಮೂರು ರಾತ್ರಿ ತಂಗಿದ್ದೆವು. ನೋಡತಕ್ಕವುಗಳನ್ನು ಕೆಲವನ್ನಾದರೂ ನೋಡಿದೆವು. ನಮಗೆ ಒಗ್ಗುವುದನ್ನು ಉಂಡೆವು. ಮನಸ್ಸಿನಲ್ಲಿ ನಿಂತದ್ದು ಮಾತ್ರ ಅರಮನೆಯೂ ಅಲ್ಲ, ದೇವಾಲಯವೂ ಅಲ್ಲ. ನಾವು ಇಳಿದುಕೊಂಡಿದ್ದ ಮನೆ.

ಅಷ್ಟು ದೂರದ ಊರನ್ನೇ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ನಮ್ಮ ವಾಸ ಹೊಸಪೇಟೆಯಲ್ಲಿ. ಅಲ್ಲಿಂದ ಹಂಪೆ ಎಂಟು ಮೈಲಿ. ವಿಜಯನಗರವನ್ನು ಕಂಡು ಅದರ ವಿಷಯ ಹೇಳಿದ ಯೂರೋಪಿನವರಲ್ಲಿ ಮೊದಲಿಗನೆನಿಸಿಕೊಂಡ ನಿಕೊಲೊ ಕೊಂತಿಯು ವೆನಿಸಿನ ವರ್ತಕ. ಅವನು ಬಂದದ್ದು ೧೪೨೦ರ ಸುಮಾರಿನಲ್ಲಿ. ಹೆಂಡತಿಮಕ್ಕಳನ್ನು ಕಟ್ಟಿಕೊಂಡೇ ದೇಶದೇಶ ಅಲೆದು, ಹಿಂದಿರುಗುವ ದಾರಿಯಲ್ಲಿ ಈಜಿಪ್ತಿನ ಪಿಡುಗಿಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಟ್ಟು ಊರು ಸೇರಿದವನು. ಮತ್ತೊಬ್ಬನು ಚೆಸಾರೆ ಫೆದೆರೀಚಿ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸೀಸರ್ ಫ್ರೆಡರಿಕ್ ಎಂದು ಬರುವವನು. ೧೫೬೫ರ ರಕ್ಕಸತಂಗಡಿಯ ಯುದ್ಧವಾದ ಎರಡು ವರ್ಷಕ್ಕೆ ಬಂದು ಹಾಳುಬಿದ್ದ ರಾಜಧಾನಿಯಲ್ಲಿ ಏಳು ತಿಂಗಳು ಇದ್ದನು. ಅವನ ಪ್ರವಾಸಕಥನವು ೧೫೮೭ರಲ್ಲಿ ವೆನಿಸಿನಲ್ಲಿಯೇ ಅಚ್ಚಾಯಿತು. ನಮ್ಮ ಊರನ್ನು ನೋಡಲು ಅವರು ಬಂದಿದ್ದರು. ಅವರ ಊರನ್ನು ನೋಡಲು ನಾವೇಕೆ ಹೋಗಬಾರದು ಎಂದು ನಮ್ಮ ಯಜಮಾನರು ಹತ್ತು ವರ್ಷಗಳಿಂದ ಹೇಳುತ್ತಲೇ ಇದ್ದರು. ಅವರ ನಿವೃತ್ತಿಯಾದ ವರ್ಷ ಹೊರಟೆವು.

ಒಳನಾಡಿನ ಮೆಸ್ತ್ರೆ ಎಂಬ ಊರನ್ನು ಬಿಟ್ಟೊಡನೆ ರೈಲು ಸಮುದ್ರದ ಹಿನ್ನೀರಿನ ಮೇಲೆ ಓಡತೊಡಗುತ್ತದೆ. ಎರಡು ಮೈಲಿಗಿಂತ ಉದ್ದವಾದ ಈ ಸೇತುವೆ ೧೮೪೬ರದು. ಪಕ್ಕದ ಮೋಟಾರು ರಸ್ತೆ ೧೯೩೩ರಲ್ಲಿ ಆಯಿತು. ರೈಲು ಬರುವುದಕ್ಕೆ ಮುಂಚೆ ದೋಣಿಯಿಲ್ಲದೆ ವೆನಿಸನ್ನು ಸೇರುವಂತಿರಲಿಲ್ಲ. ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೆ ಹಸುರು ಬಣ್ಣದ ದೊಡ್ಡ ಕಾಲುವೆ. ಮೋಟಾರಿಲ್ಲ, ಬಂಡಿಯಿಲ್ಲ, ಬೈಸಿಕಲ್ ತುಳಿಯುವುದಕ್ಕೂ ಅಪ್ಪಣೆಯಿಲ್ಲ. ಊರಿನ ಒಳಕ್ಕೆ ಹೋದಂತೆ ಕೇಳುವುದು ಮನುಷ್ಯರ ಹೆಜ್ಜೆಯ ಸಪ್ಪಳ, ಮಾತು, ಗೋಡೆಗೆ ನೀರು ಬಡಿಯುವ ಸದ್ದು, ಅಷ್ಟೆ. ಆ ನಿಶ್ಶಬ್ದಕ್ಕೆ ನಮ್ಮ ಕಿವಿಗಳು ಹೊಂದಿಕೊಳ್ಳಲು ಒಂದು ದಿವಸ ಬೇಕಾಯಿತು.

ಊರವರ ಬಸ್ಸೆಂದರೆ ವಪೊರೆಟ್ಟೊ ಎಂಬ ಯಂತ್ರದ ದೋಣಿ. ಹೊರಗಿನವರಿಗೆ ಒಂದು ಸಲಕ್ಕೆ ಒಂಬತ್ತೂವರೆ ಯೂರೊ, ದುಬಾರಿಯೇ. ಅದರಲ್ಲಿ ಕುಳಿತು ದೊಡ್ಡ ಕಾಲುವೆಯನ್ನು ಒಮ್ಮೆ ತುದಿಯಿಂದ ತುದಿಯವರೆಗೆ ನೋಡಿದರೆ ವೆನಿಸಿನ ಅರ್ಧ ವೈಭವವನ್ನು ಕಂಡಂತಾಯಿತು. ಎಡಬಲಗಳಲ್ಲಿ ಹಳೆಯ ವರ್ತಕರ ಮಹಲುಗಳು. ಬಾಗಿಲುಗಳೆಲ್ಲ ನೀರಿಗೇ ತೆರೆದಿವೆ. ೧೫೯೧ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯು ಒಂದೇ ಕಮಾನಿನಲ್ಲಿ ಕಾಲುವೆಯನ್ನು ದಾಟುತ್ತದೆ. ಗೊಂಡೊಲಾ ಎಂಬ ಕರಿಯ ದೋಣಿಗಳೂ ಓಡಾಡುತ್ತಿದ್ದವು. ಒಂದೇ ಹುಟ್ಟಿನಿಂದ, ಒಂದೇ ಬದಿಯಲ್ಲಿ ನಡೆಸುವ ಈ ದೋಣಿಯು ನೇರವಾಗಿ ಸಾಗಲೆಂದು ಅದರ ಎಡಪಕ್ಕವನ್ನು ಬಲಕ್ಕಿಂತ ಸುಮಾರು ಒಂದು ಗೇಣು ಅಗಲವಾಗಿ ಕಟ್ಟುವರು. ಹಗಲು ಅರ್ಧ ಗಂಟೆಯ ವಿಹಾರಕ್ಕೆ ೯೦ ಯೂರೊ. ನಾವು ಕೈಮುಗಿದೆವು. ಆದರೆ ಕಾಲುವೆಯನ್ನು ಅಡ್ಡಲಾಗಿ ದಾಟಿಸುವ, ಅದೇ ಬಗೆಯ, ಅಲಂಕಾರವಿಲ್ಲದ ದೋಣಿಯೊಂದುಂಟು. ಇಬ್ಬರು ಅಂಬಿಗರು, ಎರಡು ಯೂರೊ, ಎರಡು ನಿಮಿಷ. ಊರಿನ ಹೆಂಗಸರು ಚೀಲ ಹಿಡಿದು ಅದರಲ್ಲಿಯೇ ಪೇಟೆಗೆ ಹೋಗುವರು. ನಾವೂ ಹಾಗೆಯೇ ಹೋದೆವು.

ನಾವು ಇಳಿದುಕೊಂಡದ್ದು ವಯಸ್ಸಾದ ಒಬ್ಬ ವಿಧವೆಯ ಮನೆಯಲ್ಲಿ. ಮೂರನೆಯ ಅಂತಸ್ತಿನಲ್ಲಿ ಆಕೆಯ ವಾಸ. ಎರಡನೆಯದರಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾರೆ. ಮಗ ಮೆಸ್ತ್ರೆಯಲ್ಲಿ, ರೈಲಿನಲ್ಲಿ ಹತ್ತೇ ನಿಮಿಷದ ದಾರಿ. ನಮ್ಮ ಯಜಮಾನರು ಕಲಿತಿದ್ದ ಚೂರುಪಾರು ಇಟಾಲಿಯನ್ ಭಾಷೆಯೂ ಆಕೆಯ ಚೂರುಪಾರು ಇಂಗ್ಲಿಷೂ ಸೇರಿ ಮಾತಿಗೆ ಕೊರತೆಯಾಗಲಿಲ್ಲ. ಅಡಿಗೆಮನೆಯಲ್ಲಿ ಕೈಸನ್ನೆಯೇ ಸಾಕಾಯಿತು.

ಅಲ್ಲಿ ಒಂದು ಬೀರು ಕೊಂಡರೂ ಅದು ದೋಣಿಯಲ್ಲಿಯೇ ಬರಬೇಕು. ಸಮುದ್ರವು ಉಬ್ಬಿದ್ದರೆ ದೋಣಿ ಸೇತುವೆಯ ಕೆಳಗೆ ತೂರುವುದಿಲ್ಲ. ತೀರ ಇಳಿದಿದ್ದರೆ ಸಣ್ಣ ಕಾಲುವೆಯ ಕೆಸರಿಗೆ ತಗಲುತ್ತದೆ. ಆದುದರಿಂದ ಸಾಮಾನು ಮನೆಗೆ ಬರುವ ವೇಳೆಯನ್ನು ಚಂದ್ರನೇ ಗೊತ್ತುಮಾಡಬೇಕು ಎಂದು ಆಕೆ ನಕ್ಕರು. ಕಸವನ್ನು ಬೆಳಗ್ಗೆ ಕೈಗಾಡಿಯವನು ಬಂದು ದೋಣಿಗೆ ಸಾಗಿಸುತ್ತಾನೆ. ರೋಗಿಗಳನ್ನು ಒಯ್ಯುವುದೂ ದೋಣಿಯೇ. ದೊಡ್ಡಾಸ್ಪತ್ರೆಯ ಬಾಗಿಲಿಗೇ ಅದು ಬಂದು ನಿಲ್ಲುತ್ತದೆ. ಸತ್ತವರನ್ನು ಸಾನ್ ಮಿಕೆಲೆ ಎಂಬ ದ್ವೀಪದ ಸ್ಮಶಾನಕ್ಕೆ ಒಯ್ಯುವರು. ಇಷ್ಟರ ಮೇಲೆ ನಾನೂರಕ್ಕೂ ಹೆಚ್ಚು ಸೇತುವೆಗಳು, ಒಂದೊಂದಕ್ಕೂ ಏರುವ ಇಳಿಯುವ ಮೆಟ್ಟಿಲು. ಮನೆಯೊಡತಿಯ ಬಳಿ ಗಾಲಿಯ ಚೀಲವೊಂದಿತ್ತು. ಪೇಟೆಯಿಂದ ಮನೆಗೆ ಐದು ಸೇತುವೆ, ಆಮೇಲೆ ಮೂರು ಅಂತಸ್ತು. "ಮೊದಲು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಈಗ ಒಮ್ಮೆ ಹೋಗಿ, ಎರಡು ಸಲಕ್ಕೆ ಆಗುವಷ್ಟು ಹಸಿವನ್ನು ಕಡಮೆ ಮಾಡಿಕೊಂಡಿದ್ದೇನೆ" ಎಂದರು.

ಇಂಥ ಸ್ಥಳದಲ್ಲಿ ಊರು ಕಟ್ಟಿದ ಜನರ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು. ನೂರಹದಿನೆಂಟು ನಡುಗಡ್ಡೆಗಳ ಹಸಿಮಣ್ಣಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು, ಮೇಲೆ ಹಲಗೆ, ಅದರ ಮೇಲೆ ನೀರು ಹೀರದ ಇಸ್ತ್ರಿಯದ ಬಿಳಿಗಲ್ಲು, ಆಮೇಲೆ ಇಟ್ಟಿಗೆಯ ಗೋಡೆ. ಗಾಳಿ ಸೋಕದ ಕೆಸರಿನಲ್ಲಿ ಮರವು ಬೇಗನೆ ಕೊಳೆಯುವುದಿಲ್ಲ. ೧೬೩೦ರ ಪಿಡುಗಿನ ಹರಕೆಯಾಗಿ ಕಟ್ಟಿದ ಸಲೂತೆ ದೇವಾಲಯದ ಅಡಿಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ಗೂಟಗಳಿವೆ ಎಂದು ಹೇಳುತ್ತಾರೆ.

ಅದಕ್ಕಿಂತಲೂ ನಮಗೆ ಸೋಜಿಗವಾದದ್ದು ಬಾವಿ. ಪ್ರತಿಯೊಂದು ಚೌಕದಲ್ಲಿಯೂ ಕೆತ್ತನೆಯ ಕಲ್ಲಿನ ಬಾವಿಕಟ್ಟೆಯಿದೆ. ಸುತ್ತಲೂ ಉಪ್ಪುನೀರು ಇರುವಾಗ ಬಾವಿಯಲ್ಲಿ ಸಿಹಿನೀರು ಎಲ್ಲಿಂದ ಬರಬೇಕು? ಅದು ಊಟೆಯ ಬಾವಿಯಲ್ಲ. ಚೌಕವನ್ನೇ ಆಳವಾಗಿ ತೋಡಿ, ಉಪ್ಪುನೀರು ಜಿನುಗದಂತೆ ಜೇಡಿಮಣ್ಣನ್ನು ಮೆತ್ತಿ, ಒಳಗೆ ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ನಿಲ್ಲಿಸುವರು. ಚೌಕದ ಕಲ್ಲುಹಾಸಿನ ಮೇಲೆ ಬಿದ್ದ ಮಳೆಯು ಸಣ್ಣ ಕಿಂಡಿಗಳಿಂದ ಇಳಿದು, ಮರಳಿನಲ್ಲಿ ಸೋಸಿ, ಬಾವಿಗೆ ಬಂದು ನಿಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಇಂಥವು ಆರು ಸಾವಿರಕ್ಕೂ ಹೆಚ್ಚಾಗಿದ್ದವು. ೧೮೮೪ರಲ್ಲಿ ಒಳನಾಡಿನಿಂದ ನಲ್ಲಿಯ ನೀರು ಬಂದಿತು. ಈಗ ಬಾವಿಗಳಿಗೆ ಕಬ್ಬಿಣದ ಮುಚ್ಚಳ. ಅದರ ಮೇಲೆ ಕುಳಿತು ಪ್ರವಾಸಿಗಳು ಬುತ್ತಿ ಬಿಚ್ಚುತ್ತಾರೆ. ಬೇಸಗೆಯಲ್ಲಿ ಕೊಡ ಹಿಡಿದು ಸಾಲು ನಿಂತು ಬೆಳೆದ ನಮ್ಮಂಥವರಿಗೆ ಆ ಬಾವಿಕಟ್ಟೆಗಳ ಮುಂದೆ ಕೈಜೋಡಿಸುವ ಮನಸ್ಸಾಯಿತು.

ಇನ್ನು ಊಟದ ಮಾತು. ನಾವು ಶಾಕಾಹಾರಿಗಳು, ವೆನಿಸಾದರೋ ಮೀನಿನ ಊರು. ಹೊರಡುವಾಗ ನೆಂಟರೆಲ್ಲರೂ ಅವಲಕ್ಕಿ ಕಟ್ಟಿಕೊಂಡು ಹೋಗಿರೆಂದು ಹೇಳಿದ್ದರು. ಅದರ ಗಂಟು ಬಿಚ್ಚಲೇ ಇಲ್ಲ. ರಿಯಾಲ್ಟೊ ಸೇತುವೆಯ ಪಕ್ಕದಲ್ಲಿ ಮೀನಿನ ಸಂತೆಯೂ, ಅದಕ್ಕೆ ಹೊಂದಿ ಕಾಯಿಪಲ್ಲೆಯ ಸಂತೆಯೂ ಇವೆ. ಸಾಂತ್ ಎರಾಜ್ಮೊ ಎಂಬ ದ್ವೀಪವೇ ಊರಿನ ಹಿತ್ತಿಲು. ಅಲ್ಲಿಯ ತರಕಾರಿ ದೋಣಿಯಲ್ಲಿ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ ಆರ್ಟಿಚೋಕಿನ ಮೊದಲ ಮೊಗ್ಗುಗಳ ಸಡಗರ. ಗಿಡದ ತಲೆಯ ಮೊದಲ ಮೊಗ್ಗನ್ನು ಕೊಯ್ದರೆ ಪಕ್ಕದ ಕವಲುಗಳು ಚೆನ್ನಾಗಿ ಕಟ್ಟುತ್ತವೆಯೆಂದು ಅದನ್ನು ಎಳೆಯದಿರುವಾಗಲೇ ಕೊಯ್ಯುವರು. ನೇರಳೆಬಣ್ಣದ ಆ ಎಳೆ ಮೊಗ್ಗನ್ನು ತೆಳ್ಳಗೆ ಹೆಚ್ಚಿ, ಎಣ್ಣೆ ಉಪ್ಪು ಹಾಕಿ, ಹಸಿಯಾಗಿಯೇ ತಿನ್ನುತ್ತಾರೆ. ಮೊದಲು ಕಹಿ, ಹಿಂದೆಯೇ ಸಿಹಿ. ಬಲಿತ ಕಾಯಿಯ ಎಸಳನ್ನೆಲ್ಲ ಕತ್ತಿಯಿಂದ ಸುತ್ತಿ ಸುತ್ತಿ ತೆಗೆದು, ಬುಡದ ಬಿಲ್ಲೆಯನ್ನು ಮಾತ್ರ ನಿಂಬೆಹುಳಿಯ ನೀರಿಗೆ ಹಾಕುತ್ತಿದ್ದ ಮಾರುವವನ ಕೈಚಳಕವನ್ನು ನೋಡುತ್ತ ಕಾಲು ಗಂಟೆ ನಿಂತುಬಿಟ್ಟೆವು.

ಪೊಲೆಂತಾ ಎಂಬುದು ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತಿರುವಿದ ಮುದ್ದೆ. ಅಲ್ಲಿ ಬಿಳಿಯ ಜೋಳದ್ದಕ್ಕೆ ಹೆಚ್ಚು ಆದರ. ನಮ್ಮ ಕಡೆಯ ಜೋಳದ ನುಚ್ಚನ್ನು ಉಂಡವರಿಗೆ ಅದು ಹೊಸದಲ್ಲ, ಮಜ್ಜಿಗೆಯೊಂದಿದ್ದರೆ ಎನಿಸಿತು. ಸಾಓರ್ ಎಂಬ ಇನ್ನೊಂದು ಬಗೆಯುಂಟು: ಈರುಳ್ಳಿಯನ್ನು ಮೆತ್ತಗೆ ಬಾಡಿಸಿ, ಹುಳಿಕಾಡಿಯಲ್ಲಿ ಬೇಯಿಸಿ, ಒಣದ್ರಾಕ್ಷಿಯನ್ನೂ ಪೈನ್ ಮರದ ಬೀಜವನ್ನೂ ಸೇರಿಸುವರು. ಕಡಲಯಾನದಲ್ಲಿ ಕೆಡದಿರಲೆಂದು ಮೀನಿಗೆ ಮಾಡುತ್ತಿದ್ದ ಉಪಾಯವಿದು, ಕುಂಬಳಕಾಯಿಗೂ ಮಾಡುತ್ತಾರೆ. ನಮಗೆ ಸಿಕ್ಕಿದ್ದು ಕುಂಬಳದ್ದು. ಹುಳಿಸಿಹಿಯ ಗೊಜ್ಜೆಂದೇ ಹೇಳಬೇಕು. ಹೋಗುವವರಿಗೆ ಎರಡು ಎಚ್ಚರಿಕೆ: ಅಲ್ಲಿ ತರಕಾರಿಯ ಸಾರಿಗೂ ಮಾಂಸದ ರಸ ಬೆರೆಸುವುದುಂಟು, ಪಾರ್ಮದ ಗಟ್ಟಿ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುವರು. ಕೇಳಿ ತಿಳಿದು ಉಣ್ಣುವುದು ಲೇಸು; ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಕಾಫಿಯನ್ನು ಕುರಿತು ಒಂದು ಮಾತು. ಸಾನ್ ಮಾರ್ಕೊ ಚೌಕದಲ್ಲಿ ೧೭೨೦ರಿಂದ ಇರುವ ಫ್ಲೋರಿಯಾನ್ ಎಂಬ ಪ್ರಸಿದ್ಧ ಕಾಫಿಗೃಹವಿದೆ. ಅದರ ಬೆಲೆಯ ಪಟ್ಟಿಯನ್ನು ಹೊರಗಿನಿಂದಲೇ ಓದಿ, ಹಿಂಬದಿಯ ಓಣಿಯೊಂದರಲ್ಲಿ ಊರವರಂತೆ ನಿಂತುಕೊಂಡೇ ಸಣ್ಣ ಬಟ್ಟಲಿನ ಕರಿಯ ಕಾಫಿ ಕುಡಿದೆವು. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳದು. ಆ ಬಟ್ಟಲಿನಲ್ಲಿ ನಮ್ಮ ಮಲೆನಾಡು ಎಷ್ಟಿತ್ತೋ!

ಸಾನ್ ಮಾರ್ಕೊ ದೇವಾಲಯ, ಪ್ರಭುಗಳ ಅರಮನೆ, ಇವುಗಳ ವರ್ಣನೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಚಿನ್ನದ ಹರಳುಗಳ ಗೋಡೆಗಳನ್ನು ಕತ್ತೆತ್ತಿ ನೋಡಿದೆವು. ೧೨೦೪ರಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಕೊಳ್ಳೆಹೊಡೆದು ತಂದ ಕಂಚಿನ ಕುದುರೆಗಳನ್ನೂ ನೋಡಿದೆವು. ಮುರಾನೊದ ಗಾಜು, ಬುರಾನೊದ ಕಸೂತಿ ಎಂದು ದ್ವೀಪಗಳ ಕಡೆಗೆ ಎಳೆದವರಿಗೆ ವೇಳೆಯಿಲ್ಲವೆಂದೆವು. ಆ ವೇಳೆಯನ್ನು ಕಳೆದದ್ದು ಮಾರ್ಚಿಯಾನಾ ಗ್ರಂಥಾಲಯದಲ್ಲಿರುವ ಒಂದು ಭೂಪಟದ ಮುಂದೆ. ೧೪೫೦ರ ಸುಮಾರಿನಲ್ಲಿ ಫ್ರಾ ಮಾವ್ರೊ ಎಂಬ ಸನ್ಯಾಸಿ ಬರೆದದ್ದು, ಆಳೆತ್ತರದ ವೃತ್ತ, ದಕ್ಷಿಣ ದಿಕ್ಕು ಮೇಲೆ, ಉತ್ತರ ಕೆಳಗೆ. ನಿಕೊಲೊ ಕೊಂತಿ ತಂದ ಸುದ್ದಿಗಳು ಇದರಲ್ಲಿ ಸೇರಿವೆಯೆಂದು ಬಲ್ಲವರು ಹೇಳುತ್ತಾರೆ. ನಮ್ಮ ಯಜಮಾನರು ತಲೆಯನ್ನು ಓರೆಮಾಡಿಕೊಂಡು ಹಿಂದೂಸ್ಥಾನವನ್ನು ಹುಡುಕುತ್ತ ನಿಂತರು. ಹೆಂಡತಿಯನ್ನು ದಾರಿಯಲ್ಲಿ ಕಳೆದುಕೊಂಡ ಆ ವರ್ತಕನು ಸನ್ಯಾಸಿಯ ಎದುರಿಗೆ ಕುಳಿತು ಊರುಗಳ ಹೆಸರನ್ನು ಹೇಳುತ್ತಿದ್ದ ಚಿತ್ರವು ನಮ್ಮ ಕಣ್ಣಿಗೆ ಕಟ್ಟಿದಂತಾಯಿತು.

ನೀರಿನಿಂದ ಬಾಳಿದ ಊರಿಗೆ ನೀರೇ ಭಯ. ೧೯೬೬ರ ನವೆಂಬರ್ ೪ರಂದು ಉಬ್ಬರವು ೧೯೪ ಸೆಂಟಿಮೀಟರಿಗೆ ಏರಿತು. ೨೦೧೯ರ ನವೆಂಬರ್ ೧೨ರ ರಾತ್ರಿ ಸುಮಾರು ೧೮೭ಕ್ಕೆ. ಈ ಅಳತೆ ಬೀದಿಯ ನೆಲದಿಂದಲ್ಲ, ೧೮೯೭ರಲ್ಲಿ ಗೊತ್ತುಮಾಡಿದ ಕಡಲಿನ ಮಟ್ಟದಿಂದ. ಮನೆಯೊಡತಿ ಕೆಳಗಿನ ಉಗ್ರಾಣದ ಗೋಡೆಯಲ್ಲಿ ಆ ರಾತ್ರಿಯ ಗೆರೆಯನ್ನು ತೋರಿಸಿದರು: ತೊಡೆ ಮುಳುಗುವಷ್ಟು. ಬಟ್ಟೆ ಒಗೆಯುವ ಯಂತ್ರ, ಗಂಡನ ಬಡಗಿಯ ಹತಾರಗಳು, ಎಲ್ಲವೂ ಉಪ್ಪುನೀರಿನ ಪಾಲು. ಈಗ ಹಿನ್ನೀರಿಗೆ ಕಡಲು ನುಗ್ಗುವ ಮೂರು ಬಾಯಿಗಳಲ್ಲಿ ೭೮ ಉಕ್ಕಿನ ಕದಗಳಿವೆ. ಸುಮ್ಮನಿರುವಾಗ ನೀರು ತುಂಬಿಕೊಂಡು ತಳದಲ್ಲಿ ಮಲಗಿರುತ್ತವೆ. ದೊಡ್ಡ ಉಬ್ಬರ ಬರುವ ಸೂಚನೆಯಾದರೆ ಗಾಳಿಯನ್ನು ಒತ್ತಿ ನೀರನ್ನು ಹೊರಡಿಸುವರು, ಕದಗಳು ಎದ್ದು ನಿಲ್ಲುವುವು. ೨೦೨೦ರ ಅಕ್ಟೋಬರ್ ೩ರಂದು ಮೊದಲ ಸಲ ನಿಜವಾದ ಉಬ್ಬರವನ್ನು ತಡೆದವು. "ನೀರನ್ನು ತಡೆದರು. ಜನ ಹೋಗುವುದನ್ನು ತಡೆಯುವ ಕದ ಇನ್ನೂ ಆಗಿಲ್ಲ" ಎಂದರು ಆಕೆ.

ಮಾತು ಉತ್ಪ್ರೇಕ್ಷೆಯದಲ್ಲ. ೧೯೫೧ರಲ್ಲಿ ಈ ಹಳೆಯ ನಗರದಲ್ಲಿ ಸುಮಾರು ೧,೭೫,೦೦೦ ಮಂದಿ ವಾಸವಾಗಿದ್ದರು. ೨೦೨೨ರಲ್ಲಿ ಸಂಖ್ಯೆಯು ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ರಿಯಾಲ್ಟೊ ಬಳಿಯ ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ ೨೦೦೮ರಲ್ಲಿ ನಿವಾಸಿಗಳ ಲೆಕ್ಕವನ್ನು ತೋರಿಸುವ ಫಲಕವನ್ನಿಟ್ಟರು. ನಾವು ಕಂಡಾಗ ಅದು ೪೯,೦೦೦ಕ್ಕೂ ಕಡಮೆ ತೋರಿಸುತ್ತಿತ್ತು. ಪ್ರವಾಸಿಗಳ ಹಾಸಿಗೆಗಳೇ ನಿವಾಸಿಗಳಿಗಿಂತ ಹೆಚ್ಚಾದವೆಂದು ೨೦೨೩ರಲ್ಲಿ ಊರಿನವರು ಎಣಿಸಿ ಹೇಳಿದರು. ೨೦೨೪ರಿಂದ, ಜನ ಹೆಚ್ಚಾಗಿ ಬರುವ ದಿನಗಳಲ್ಲಿ, ಬಂದು ಅಂದೇ ಹಿಂದಿರುಗುವವರಿಗೆ ಐದು ಯೂರೊ ಸುಂಕ ಹಾಕಿದರು. ರಾತ್ರಿ ತಂಗುವವರಿಗೆ ಅದಿಲ್ಲ. ಸುಂಕದಿಂದ ಸಂದಣಿ ಕಡಮೆಯಾದಂತೆ ನಮಗೇನೂ ತೋರಲಿಲ್ಲ. ಪ್ರವಾಸಿಗಳಿಗೆ ಕೊಟ್ಟರೆ ಒಂದು ವಾರದಲ್ಲಿ ಬರುವ ಹಣ ಸಂಸಾರಸ್ಥರಿಗೆ ಕೊಟ್ಟರೆ ಒಂದು ತಿಂಗಳಿಗೂ ಬರುವುದಿಲ್ಲವಂತೆ. ನಮ್ಮಂಥವರು ಬಂದಷ್ಟೂ ಅಂಥವರು ಹೊರಡಬೇಕು.

ಎರಡನೆಯ ರಾತ್ರಿ ನಾವು ಕಿಟಕಿಯಲ್ಲಿ ಕುಳಿತು ಎದುರಿನ ದಂಡೆಯ ಕಿಟಕಿಗಳನ್ನು ಎಣಿಸಿದೆವು. ಹದಿನೇಳರಲ್ಲಿ ದೀಪವಿದ್ದದ್ದು ನಾಲ್ಕರಲ್ಲಿ. ಆಗ ಫೆದೆರೀಚಿಯ ನೆನಪಾಯಿತು. ವಿಜಯನಗರವು ಪೂರ್ತಿಯಾಗಿ ಹಾಳಾಗಿಲ್ಲ, ಮನೆಗಳು ಹಾಗೆಯೇ ನಿಂತಿವೆ, ಆದರೆ ಬರಿದಾಗಿವೆ, ಹುಲಿ ಮೊದಲಾದ ಮೃಗಗಳು ಮಾತ್ರ ಇವೆಯಂತೆ ಎಂದು ಬರೆದವನು ಇದೇ ಊರಿನ ವರ್ತಕ. ಹಂಪೆಯಲ್ಲಿಯೂ ವಿರೂಪಾಕ್ಷನ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿಯಿಟ್ಟು ಬಾಳುತ್ತಿದ್ದವರನ್ನು ೨೦೧೧ರಲ್ಲಿ ತೆರವು ಮಾಡಿದುದನ್ನು ನಾವು ಕಂಡವರು. ಅದು ಸರಿಯೋ ತಪ್ಪೋ ಎಂದು ನಮ್ಮ ಮನೆಯಲ್ಲಿ ಇಂದಿಗೂ ವಾದ ಮುಗಿದಿಲ್ಲ. ಆ ರಾತ್ರಿ ಮಾತ್ರ ಇಬ್ಬರೂ ವಾದ ಮಾಡಲಿಲ್ಲ.

ಮರುದಿನ ಏಪ್ರಿಲ್ ೨೫, ಸಂತ ಮಾರ್ಕನ ಹಬ್ಬ. ಅಂದು ವೆನಿಸಿನ ಗಂಡಸರು ತಮ್ಮ ಮನೆಯಾಕೆಗೆ ಕೆಂಪು ಗುಲಾಬಿಯ ಮೊಗ್ಗನ್ನು ಕೊಡುವ ವಾಡಿಕೆ. ನಮ್ಮ ಯಜಮಾನರು ಎಲ್ಲಿಯೋ ಹೋಗಿ ಒಂದನ್ನು ತಂದು, ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡು ಕೊಟ್ಟರು. ಮೂವತ್ತಾರು ವರ್ಷದ ದಾಂಪತ್ಯದಲ್ಲಿ ಹೂವು ತರುವುದು ಹೊಸದಲ್ಲ. ಆದರೆ ಮಾರು ಲೆಕ್ಕವಲ್ಲದೆ ಒಂದೇ ಹೂವನ್ನು ತಂದದ್ದು ಅಂದೇ. ಅದನ್ನು ಮುಡಿದುಕೊಂಡು ಹೊರಟರೆ ದಾರಿಯಲ್ಲಿ ಹೆಂಗಸರೆಲ್ಲ ತಿರುಗಿ ನೋಡಿ ನಕ್ಕರು. ಅಲ್ಲಿ ಅದನ್ನು ಕೈಯಲ್ಲಿ ಹಿಡಿಯುವರೇ ಹೊರತು ಮುಡಿಯುವುದಿಲ್ಲ. ಮನೆಯೊಡತಿಯ ಅಡಿಗೆಮನೆಯಲ್ಲಿಯೂ ಗಂಡನ ಭಾವಚಿತ್ರದ ಪಕ್ಕದ ಲೋಟದಲ್ಲಿ ಒಂದು ಮೊಗ್ಗಿತ್ತು. ಅವರು ತೀರಿಕೊಂಡಂದಿನಿಂದ ಅದನ್ನು ಆಕೆಯೇ ಕೊಂಡು ತರುತ್ತಾರಂತೆ.

ಆ ಹಬ್ಬದ ಊಟವೆಂದರೆ ರೀಸಿ ಎ ಬೀಸಿ, ಅಕ್ಕಿ ಮತ್ತು ಹಸಿ ಬಟಾಣಿ. ವೆನಿಸ್ ಗಣರಾಜ್ಯವು ೧೭೯೭ರಲ್ಲಿ ಅಳಿಯುವವರೆಗೆ ಆ ದಿನ ಪ್ರಭುವಿಗೂ ಇದನ್ನೇ ಬಡಿಸುತ್ತಿದ್ದರಂತೆ. ವಾಡಿಕೆಯಲ್ಲಿ ಹಂದಿಯ ಮಾಂಸವನ್ನು ಹಾಕುವರು; ನಮಗಾಗಿ ಅದನ್ನು ಬಿಟ್ಟು ಮಾಡಿದರು. ಬಟಾಣಿಯನ್ನು ಸುಲಿದು ಸಿಪ್ಪೆಯನ್ನು ಬಿಸಾಡಬಾರದು. ತೊಳೆದು, ನೀರಿನಲ್ಲಿ ಚೆನ್ನಾಗಿ ಕುದಿಸಿ, ಹಿಸುಕಿ ಸೋಸಿದರೆ ಹಸುರು ಕಟ್ಟು ಬರುತ್ತದೆ. ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಬಾಡಿಸಿ, ಕಾಳು ಹಾಕಿ, ಅಕ್ಕಿ ಹಾಕಿ, ಕಟ್ಟನ್ನು ಸೌಟುಸೌಟಾಗಿ ಎರೆಯುತ್ತ ಬೇಯಿಸಬೇಕು. ಗಂಜಿಗಿಂತ ಗಟ್ಟಿ, ಅನ್ನಕ್ಕಿಂತ ತೆಳು, ಚಮಚದಲ್ಲಿಯೇ ಉಣ್ಣತಕ್ಕದ್ದು. ನಾವು ಶಿರಸಿಯ ಕಡೆಯ ಕಾಳುಮೆಣಸಿನ ಪೊಟ್ಟಣವನ್ನು ಆಕೆಗೆಂದು ಒಯ್ದಿದ್ದೆವು. ಈ ಊರು ಸಿರಿವಂತವಾದದ್ದು ನಮ್ಮ ಪಡುವಣ ಕರಾವಳಿಯಿಂದ ಈಜಿಪ್ತಿನ ಮೂಲಕ ಬರುತ್ತಿದ್ದ ಮೆಣಸಿನಿಂದಲೇ ಅಲ್ಲವೇ! ಆಕೆ ನಾಲ್ಕು ಕಾಳನ್ನು ಕುಟ್ಟಿ ಮೇಲೆ ಉದುರಿಸಿ, ಮೂಸಿ, ಪೊಟ್ಟಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಉಣ್ಣುತ್ತ ತಮ್ಮ ತೊಡಕನ್ನೂ ಹೇಳಿದರು. ಮನೆಯನ್ನು ಮಾರಿ ಮೆಸ್ತ್ರೆಗೆ ಬಾ ಎಂದು ಮಗನ ಒತ್ತಾಯ. ಕೊಳ್ಳುವವರು ಸಿದ್ಧರಿದ್ದಾರೆ, ಕೊಂಡು ಹೋಟೆಲಿನಂತೆ ನಡೆಸುವರು. ಮಂಡಿನೋವು ಹೆಚ್ಚುತ್ತಿದೆ. "ನಾನು ಹೋದರೆ ಈ ಮೆಟ್ಟಿಲಿನಲ್ಲಿ ಊರಿನವರು ಯಾರೂ ಉಳಿಯುವುದಿಲ್ಲ. ಉಳಿದರೆ ಈ ಮೆಟ್ಟಿಲೇ ನನ್ನನ್ನು ಉಳಿಸುವುದಿಲ್ಲ." ನಮಗೆ ಏನು ಹೇಳಲೂ ತೋರಲಿಲ್ಲ. ಪಾತ್ರೆಗಳನ್ನು ತೊಳೆದಿಟ್ಟೆವು. ಬೆಳಗ್ಗೆ ಹೊರಡುವ ಮುನ್ನ ಅಕ್ಕಿ, ಎಣ್ಣೆ, ನೀರಿನ ಸೀಸೆಗಳನ್ನು ಪೇಟೆಯಿಂದ ತಂದು ಮೂರನೆಯ ಅಂತಸ್ತಿಗೆ ಹೊತ್ತು ಹಾಕಿದೆವು. ನಮ್ಮ ಯಜಮಾನರಿಗೆ ಎರಡು ದಿನ ಸೊಂಟ ಹಿಡಿದುಕೊಂಡಿತ್ತು.

ಚಳಿಗಾಲದಲ್ಲಿ ಆಕೆಯ ಕಾಗದ ಬಂದಿತು. ಕದಗಳು ಹಲವು ಸಲ ಎದ್ದುವೆಂತಲೂ ಉಗ್ರಾಣ ಒಣಗಿಯೇ ಇದೆಯೆಂತಲೂ ಬರೆದಿದ್ದರು. ಮನೆಯನ್ನು ಮಾರಲಿಲ್ಲ. ಎರಡನೆಯ ಅಂತಸ್ತಿನ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುವುದನ್ನು ನಿಲ್ಲಿಸಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುವ ಇಬ್ಬರು ಹುಡುಗಿಯರಿಗೆ ವರ್ಷದ ಬಾಡಿಗೆಗೆ ಕೊಟ್ಟಿದ್ದಾರೆ. ಹಣ ಅರ್ಧಕ್ಕಿಂತ ಕಡಮೆ. ಪೇಟೆಯ ಸಾಮಾನನ್ನು ಹುಡುಗಿಯರು ಹೊತ್ತು ತರುತ್ತಾರೆ, ಭಾನುವಾರ ಮೂವರೂ ಕೂಡಿ ಉಣ್ಣುತ್ತಾರೆ, ಮೆಣಸು ಮುಗಿದಿದೆ. ನಾವು ಮತ್ತೆ ಬಂದರೆ ಇಳಿದುಕೊಳ್ಳಲು ಆ ಮನೆಯಲ್ಲಿ ಸ್ಥಳವಿಲ್ಲವೆಂದೂ, ಊಟಕ್ಕೆ ಮಾತ್ರ ತಪ್ಪದೆ ಬರಬೇಕೆಂದೂ ಕೊನೆಯಲ್ಲಿ ಬರೆದಿದ್ದರು. ಮೆಣಸನ್ನು ಅಂಚೆಯಲ್ಲಿ ಕಳುಹಿಸಿದ್ದೇವೆ.